ಬೆನ್ನಿಗೆ ಬತ್ತಳಿಕೆ

ಬಾಣ ಕೈಯಿಂದ ಜಾರಿ ಕಲ್ಲಿನ ಮೇಲೆ ಬಿದ್ದು ಟಣ್ ಎಂದಿತು, ಅಷ್ಟೆ. ಮುಳ್ಳುಪೊದೆಯ ಆಚೆ ತಲೆ ತಗ್ಗಿಸಿ ಮೇಯುತ್ತಿದ್ದ ಜಿಂಕೆಗಳು ಒಂದೇ ನೆಗೆತಕ್ಕೆ ಮಾಯವಾದವು. ಮಾರೊಬಾ ಬಗ್ಗಿ ಅದನ್ನು ಎತ್ತಿಕೊಳ್ಳಲು ಹೋದ. ಎಡಗೈಯಲ್ಲಿ ಬಿಲ್ಲಿನ ಜೊತೆ ಉಳಿದಿದ್ದವುಗಳಲ್ಲಿ ಇನ್ನೆರಡು ಜಾರಿದವು.

"ಬೀಳಿಸು ಭಾವ, ಬೀಳಿಸು. ಎಲ್ಲಾ ಇಲ್ಲೇ ಬಿತ್ತಿಬಿಡು. ಮುಂದಿನ ಮಳೆಗೆ ಮೊಳಕೆ ಬಂದ್ರೆ ಬಾಣದ ಕಾಡೇ ಆಗುತ್ತೆ, ಕಿತ್ಕೊಂಡು ಹೊಡೀತಾ ಇರೋಣ" ಎಂದ ಶಕ್ವಾ. ಅವನು ಮಾರೊಬಾನ ಹೆಂಡತಿಯ ತಮ್ಮ.

ಶಕ್ವಾನ ನಾಲಿಗೆಗೆ ಮೂಳೆಯಿಲ್ಲ. ಆದರೆ ಬೀಡಿನಲ್ಲಿ ಈಗ ಮಾರೊಬಾನ ಜೊತೆ ಬೇಟೆಗೆ ಹೊರಡುವವನು ಅವನೊಬ್ಬನೇ. ಉಳಿದವರು ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಬೇರೆ ದಾರಿ ಹಿಡಿಯುತ್ತಿದ್ದರು, ಅಷ್ಟೆ. ಬಾಣ ಉದುರಿಸುತ್ತ ನಡೆಯುವವನ ಹಿಂದೆ ಹೋಗಿ ಹಸಿದ ಹೊಟ್ಟೆಯಲ್ಲಿ ಮರಳುವ ದರ್ದು ಯಾರಿಗಿದೆ?

ಕಳೆದ ಮಳೆಗಾಲದಲ್ಲಿ ಮಾರೊಬಾ ಜೇನಿಗೆಂದು ಮರದ ಪೊಟರೆಗೆ ಕೈಹಾಕಿದಾಗ ಒಳಗೆ ಹಾವು ಮಲಗಿತ್ತು. ಪ್ರಾಣ ಉಳಿಯಿತು, ಎಡಗೈಯ ಕೊನೆಯ ಎರಡು ಬೆರಳು ಕೊಳೆತು ಉದುರಿದವು. ಬಿಲ್ಲು ಹಿಡಿಯಲು ಉಳಿದ ಬೆರಳುಗಳೇ ಸಾಕು. ಆದರೆ ಅವರ ಹಾದ್ಜಾ ಬುಡಕಟ್ಟಿನ ಗಂಡಸು ಬಾಣಗಳ ಕಟ್ಟನ್ನೂ ಬಿಲ್ಲು ಹಿಡಿದ ಕೈಯಲ್ಲೇ ಹಿಡಿದು ನಡೆಯುತ್ತಾನೆ. ನಡೆಯಲು ಕಲಿತಾಗಿನಿಂದ ಹಾಗೆಯೇ. ಆ ಕಟ್ಟನ್ನು ಬಿಲ್ಲಿಗೆ ಒತ್ತಿ ಹಿಡಿಯುವುದು ಆ ಎರಡು ಬೆರಳುಗಳ ಕೆಲಸವೆಂದು ಅವು ಹೋದ ಮೇಲೆಯೇ ಮಾರೊಬಾನಿಗೆ ತಿಳಿದದ್ದು.

ಅವನು ಬೇರೆ ಬೇರೆ ದಾರಿ ಹುಡುಕಿದ್ದ. ಬಾಣಗಳನ್ನು ಬಿಲ್ಲಿಗೇ ತೊಗಲಿನ ಎಳೆಯಿಂದ ಕಟ್ಟಿ ನೋಡಿದ. ಬಿಲ್ಲು ಒಂದು ಕಡೆ ವಾಲಿತು, ಹೆದೆ ಎಳೆದು ಬಿಟ್ಟಾಗ ಎಲ್ಲವೂ ಕಟಕಟ ಎಂದವು. ಸೊಂಟಕ್ಕೆ ಸಿಕ್ಕಿಸಿಕೊಂಡು ನೋಡಿದ. ತೆವಳುವಾಗ ತೊಡೆಗೆ ಒತ್ತಿದವು. ಅವುಗಳಲ್ಲಿ ವಿಷ ಬಳಿದವೂ ಇದ್ದವು. ಮೊನೆಗೆ ತೊಗಲು ಸುತ್ತಿದ್ದರೂ ವಿಷದ ಜೊತೆ ಸಲಿಗೆ ಯಾರಿಗೂ ಒಳ್ಳೆಯದಲ್ಲ. ಇನ್ನು ಉಳಿದದ್ದು ಬೆನ್ನಿಗೆ ಚೀಲ. ಅದು ಗುಡ್ಡದಾಚೆ ಹೊಲ ಉಳುವವರ ರೂಢಿ. ಬೀಡಿನಲ್ಲಿ ಬೆನ್ನ ಮೇಲೆ ಹೊರುವವರು ಹೆಂಗಸರು, ಹೊರುವುದು ಕೂಸನ್ನು. ಬೆನ್ನಿಗೆ ಚೀಲ ಕಟ್ಟಿಕೊಂಡು ಬಂದರೆ ಶಕ್ವಾ ಏನನ್ನುತ್ತಾನೆಂದು ಮಾರೊಬಾನಿಗೆ ಮೊದಲೇ ಗೊತ್ತಿತ್ತು: "ಹೆಣ್ಣೋ ಗಂಡೋ ಭಾವ? ಅಳ್ತಾ ಇದೆ, ಮೊಲೆ ಕೊಡು."

ಬೀಡು ಅತ್ತೆ ಹನಾಬಿಯದು. ಅಳಿಯನ ಮುಖ ನೋಡಿ ಮಾತಾಡುವ ಪದ್ಧತಿ ಅವಳದಲ್ಲ. ಹೇಳುವುದನ್ನೆಲ್ಲ ಒಲೆಯ ಕಲ್ಲಿಗೆ ಹೇಳುತ್ತಿದ್ದಳು, ಅವನಿಗೆ ಕೇಳುವಷ್ಟು ಗಟ್ಟಿಯಾಗಿ.

"ಏ ಕಲ್ಲೇ, ನಿನ್ನ ಮೇಲೆ ಕೊಬ್ಬು ತೊಟ್ಟಿಕ್ಕಿ ಎಷ್ಟು ದಿನ ಆಯ್ತೇ? ಕೆರೆ ಕಡೆಯ ಸಪೋ ಮೊನ್ನೆ ಬಂದಿದ್ದ, ಒಂದು ಬುರುಡೆ ಜೇನು ಕೊಟ್ಟು ಹೋದ. ಹೆಂಡ್ತಿ ಇಲ್ಲ ಪಾಪ. ಕೈಗೆ ಬೆರಳು ಮಾತ್ರ ಐದೂ ಇವೆ. ನನ್ನ ಮಗಳೇನು ಗೆಡ್ಡೆ ಅಗೆದು ಗಂಡನ್ನ ಸಾಕೋಕೆ ಹುಟ್ಟಿದಾಳಾ?"

ಕಲ್ಲು ಏನು ಉತ್ತರ ಕೊಟ್ಟೀತು? ಮಾರೊಬಾ ಬಾಣದ ಕಡ್ಡಿಯನ್ನು ಹಲ್ಲಲ್ಲಿ ಕಚ್ಚಿ ನೇರ ಮಾಡುತ್ತ ಕೂತಿರುತ್ತಿದ್ದ. ಅವನಿಗೆ ಭಯವಾಗುತ್ತಿತ್ತು. ಮಾಂಸ ತಾರದ ಗಂಡನನ್ನು ಇಲ್ಲಿ ಯಾರೂ ಬೈದು ಓಡಿಸುವುದಿಲ್ಲ. ಒಂದು ಸಂಜೆ ಬಂದಾಗ ಹೆಂಡತಿ ತಾಯಿಯ ಗುಡಿಸಲಿಗೆ ಹಾಸಿಗೆ ಒಯ್ದಿರುತ್ತಾಳೆ, ಅಲ್ಲಿಗೆ ಮುಗಿಯಿತು.

ವಾಂಡೆ ಹಾಸಿಗೆ ಒಯ್ಯಲಿಲ್ಲ. ಗೆಡ್ಡೆ ಅಗೆಯಲು ಹೋಗುವ ದಾರಿಯಲ್ಲಿ, ಯಾರೂ ಇಲ್ಲದಾಗ, ಬಟ್ಟೆಯೊಳಗಿಂದ ಏನನ್ನೋ ತೆಗೆದು ಅವನ ಮುಂದೆ ಹಿಡಿದಳು. ಜಿಂಕೆಯ ಕಾಲಿನ ತೊಗಲನ್ನು ಹದಮಾಡಿ ಹೊಲಿದ ಉದ್ದನೆಯ ಬತ್ತಳಿಕೆ.

"ಏನಿದು?"

"ನಿನ್ನ ಎರಡು ಬೆರಳು."

"ಇದನ್ನ ಹಾಕ್ಕೊಂಡು ಹೋದ್ರೆ ಬೀಡೆಲ್ಲ ನಗುತ್ತೆ ವಾಂಡೆ. ನಿನ್ನ ತಮ್ಮನ ಬಾಯಿಗೆ ಸಿಕ್ಕಿದ್ರೆ ನನ್ನ ಗತಿ?"

"ಅವನು ನಕ್ಕರೆ ನಿನ್ನ ಮೈಯಿಂದ ಏನು ಉದುರುತ್ತೆ? ಉದುರೋದೆಲ್ಲ ಆಗಲೇ ಉದುರಿದೆ." ಅವಳು ಬತ್ತಳಿಕೆಯನ್ನು ಅವನ ಕೈಗೆ ಒತ್ತಿ ಹೇಳಿದಳು: "ಅಮ್ಮ ಏನಾದ್ರೂ ಅನ್ನಲಿ, ನನಗೆ ನೀನೇ ಬೇಕು. ಆದ್ರೆ ನನ್ನ ಹೊಟ್ಟೆ ನನ್ನ ಮಾತು ಕೇಳಲ್ವಲ್ಲ."

ಅವನು ತೆಗೆದುಕೊಂಡ. ಆದರೆ ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವವನ ಹಾಗೆ ಅದನ್ನು ಬೀಡಿಗೆ ತರಲಿಲ್ಲ. ದಾರಿಯಲ್ಲಿ ಒಂದು ಭಾರೀ ಬಾವೊಬಾಬ್ ಮರವಿತ್ತು. ಅದರ ಬುಡದ ಬಿರುಕಿನಲ್ಲಿ ಬತ್ತಳಿಕೆಯನ್ನು ತುರುಕಿಟ್ಟ. ಒಬ್ಬನೇ ಹೋಗುವ ದಿನಗಳಲ್ಲಿ ಮಾತ್ರ ತೆಗೆದು ಬೆನ್ನಿಗೆ ಹಾಕಿಕೊಂಡ. ಮೊದಮೊದಲು ಕೈ ಹಿಂದೆ ಹೋಗಿ ತಡವರಿಸಿತು, ಆಮೇಲೆ ಕಲಿಯಿತು. ಗಿನಿಕೋಳಿ ಬಿದ್ದವು, ಒಂದು ಪುಟ್ಟ ಜಿಂಕೆ ಬಿತ್ತು. ಬೀಡು ಕಣ್ಣಿಗೆ ಬೀಳುವ ಮೊದಲು ಬತ್ತಳಿಕೆ ಮರದ ಬಿರುಕಿಗೆ ಹೋಗುತ್ತಿತ್ತು, ಬಾಣಗಳು ಕೈಗೆ ಬರುತ್ತಿದ್ದವು. ಬಿಗಿಹಿಡಿದ ಕೈ ನೋಯುತ್ತಿದ್ದರೂ ಗಂಡಸಿನ ಹಾಗೆ ನಡೆದು ಬರುತ್ತಿದ್ದ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ವಾಂಡೆಗೆ ಇದು ಗೊತ್ತಿರಲಿಲ್ಲ. ಅವಳು ಕೇಳಿದಾಗ "ಬೆನ್ನಿಗೇ ಇರುತ್ತೆ" ಎಂದಿದ್ದ. ಒಲೆಯ ಕಲ್ಲಿಗೆ ಬೈಗುಳ ಕಡಿಮೆಯಾಯಿತು.

ಒಣಹವೆಯ ಒಂದು ಬೆಳಿಗ್ಗೆ ಗುಡ್ಡದ ಪಕ್ಕ ರಣಹದ್ದುಗಳು ಸುತ್ತುತ್ತಿದ್ದವು. ಅಲ್ಲೇನೋ ಸತ್ತಿದೆ, ಬೇಗ ಹೋದರೆ ಮಾಂಸ. ಉಳಿದ ಗಂಡಸರು ಆಗಲೇ ಬೇರೆ ದಿಕ್ಕಿಗೆ ಬೇಟೆಗೆ ಹೊರಟುಹೋಗಿದ್ದರು. "ಏಳು ಭಾವ" ಎಂದು ಶಕ್ವಾ ಬಿಲ್ಲು ಹಿಡಿದು ನಿಂತ. ಹೆಂಗಸರು ನೋಡುತ್ತಿದ್ದಂತೆ ಮಾರೊಬಾ ಬಾಣಗಳನ್ನು ಎಡಗೈಯಲ್ಲಿ ಒತ್ತಿ ಹಿಡಿದು ಹೊರಟ.

ಬಾವೊಬಾಬ್ ಮರದ ಹತ್ತಿರ ಬಂದಾಗ ಶಕ್ವಾ ನಿಂತ. "ಅಯ್ಯೋ, ಮುಳ್ಳು" ಎಂದು ಮಾರೊಬಾನಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತು ಪಾದ ಹಿಡಿದುಕೊಂಡ. ಬಹಳ ಹೊತ್ತು ಕೂತ. ಬಿರುಕು ಎರಡೇ ಹೆಜ್ಜೆ ದೂರವಿತ್ತು. ಮಾರೊಬಾ ಅದನ್ನೇ ನೋಡಿದ. ತೆಗೆದುಕೊಂಡರೆ ಈಗ ಇವನು ತಿರುಗುತ್ತಾನೆ, ಸಂಜೆಗೆ ಬೀಡೆಲ್ಲ ಬೆನ್ನ ಮೇಲಿನ ಕೂಸಿಗೆ ಹೆಸರಿಡುತ್ತದೆ.

"ಆಯ್ತಾ ಭಾವ?" ಎಂದ ಶಕ್ವಾ, ತಿರುಗದೆಯೇ.

"ನನಗೇನು ಆಗೋದಿದೆ? ಮುಳ್ಳು ನಿನ್ನ ಕಾಲಲ್ಲಿ."

ಶಕ್ವಾ ಎದ್ದು ಅವನ ಕೈಯನ್ನೊಮ್ಮೆ ನೋಡಿದ. ಮುಂದೆ ನಡೆದ.

ಹುಲ್ಲಿನಲ್ಲಿ ಸತ್ತ ಜೀಬ್ರಾ ಬಿದ್ದಿತ್ತು. ಒಂದು ಹೆಣ್ಣುಸಿಂಹ ಅದರ ಹೊಟ್ಟೆಯೊಳಗೆ ಮುಖ ಹುದುಗಿಸಿತ್ತು. ಇಬ್ಬರೂ ಕೂಗಿದರು, ಬಿಲ್ಲು ಎತ್ತಿ ಕುಣಿದರು. ಸಾಮಾನ್ಯವಾಗಿ ಅಷ್ಟಕ್ಕೇ ಸಿಂಹ ಗೊಣಗುತ್ತ ಎದ್ದು ಹೋಗುತ್ತದೆ. ಇದು ಹೋಗಲಿಲ್ಲ. ಹಿಂದಿನ ಪೊದೆಯಲ್ಲಿ ಮರಿಗಳಿದ್ದದ್ದು ಅವರಿಗೆ ಕಾಣಿಸಲಿಲ್ಲ. ಅದು ನೇರ ಶಕ್ವಾನ ಮೇಲೆ ಬಂತು. ಶಕ್ವಾ ಬಾಣ ಬಿಟ್ಟ, ಪಕ್ಕೆಗೆ ನಾಟಿತು. ಮಾರೊಬಾನೂ ಬಿಟ್ಟ, ಭುಜಕ್ಕೆ ನಾಟಿತು. ವಿಷ ಏರಲು ಹೊತ್ತು ಬೇಕು, ಈಗ ಬೇಕಾದದ್ದು ಎರಡನೆಯ ಬಾಣ. ಮಾರೊಬಾ ಬಲಗೈಯನ್ನು ಎಡಗೈಗೆ ಒಯ್ದ. ಅಲ್ಲಿ ಬಿಲ್ಲು ಮಾತ್ರ ಇತ್ತು. ಹೆದೆಯ ಎಳೆತಕ್ಕೆ ಬಾಣಗಳೆಲ್ಲ ಹುಲ್ಲಿನಲ್ಲಿ ಉದುರಿದ್ದವು. ಅವನು ಮೊಣಕಾಲೂರಿ ತಡಕಿದ, ಹುಲ್ಲುಕಡ್ಡಿ ಸಿಕ್ಕಿತು, ಮತ್ತೆ ಹುಲ್ಲುಕಡ್ಡಿ. ಶಕ್ವಾ "ಭಾವ! ಭಾವ!" ಎಂದು ಕಿರುಚುತ್ತಿದ್ದ. ಬಾಣ ಸಿಕ್ಕಿ, ಹೂಡಿ, ಕುತ್ತಿಗೆಗೆ ಬಿಡುವ ಹೊತ್ತಿಗೆ ಸಿಂಹ ತನ್ನ ಕೆಲಸ ಮುಗಿಸಿತ್ತು. ಅದು ಶಕ್ವಾನನ್ನು ಬಿಟ್ಟು ತೂರಾಡುತ್ತ ಪೊದೆಯ ಕಡೆ ಹೋಯಿತು.

ಶಕ್ವಾನ ಹೊಟ್ಟೆ ಹರಿದಿತ್ತು. ಮಾರೊಬಾ ತನ್ನ ಬಟ್ಟೆ ಬಿಚ್ಚಿ ಅದರ ಮೇಲೆ ಒತ್ತಿ ಹಿಡಿದ. ರಕ್ತ ಬಟ್ಟೆಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

"ಮುಳ್ಳು ಇರ್ಲಿಲ್ಲ ಭಾವ" ಎಂದ ಶಕ್ವಾ.

"ಮಾತಾಡ್ಬೇಡ."

"ಕಾಲಲ್ಲಿ... ಮುಳ್ಳೇ ಇರ್ಲಿಲ್ಲ. ನೀನು ಚೀಲ ತಗೊಳ್ಲಿ ಅಂತ ಕೂತೆ. ಎಷ್ಟೊತ್ತು ಕೂರೋದು ನಾನು?"

"ನಿನಗೆ ಗೊತ್ತಿತ್ತಾ?"

"ಅವತ್ತೇ ನೋಡಿದೆ. ಗಿನಿಕೋಳಿ ಹೊಡೆದ ದಿನ. ಚೆನ್ನಾಗೇ ಹೊಡೆದೆ." ಅವನ ತುಟಿ ನಗುವ ಹಾಗೆ ಅಲುಗಿತು. "ನಗಬೇಕು ಅಂತಿದ್ದೆ. ಅಕ್ಕ ಹೊಲಿದಿದ್ದು ಅಂತ... ಬಿಟ್ಟೆ."

ಮತ್ತೆ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಉಸಿರೂ ಆಡಲಿಲ್ಲ. ಮಾರೊಬಾ ಬಟ್ಟೆಯನ್ನು ಒತ್ತಿ ಹಿಡಿದೇ ಕೂತಿದ್ದ. ರಣಹದ್ದುಗಳು ಜೀಬ್ರಾದ ಮೇಲೆ ಇಳಿಯತೊಡಗಿದಾಗ ಎದ್ದು, ಮೈದುನನನ್ನು ಬೆನ್ನ ಮೇಲೆ ಹೊತ್ತುಕೊಂಡು ನಡೆದ.

ಹನಾಬಿ ಮಗನ ಮುಖ ಒರೆಸಿದಳು. ಆಮೇಲೆ ತಲೆಯೆತ್ತಿ, ಮೊದಲ ಸಲ, ಅಳಿಯನ ಕಣ್ಣನ್ನೇ ನೋಡಿದಳು.

"ನಿನ್ನ ಹತ್ರ ಬಾಣ ಇತ್ತಾ?"

"ಇತ್ತು ಅತ್ತೆ."

"ಎಷ್ಟು ಬಿಟ್ಟೆ?"

"ಎರಡು. ಎರಡನೇದು ತಡ ಆಯ್ತು. ಮೊದಲನೇದು ಬಿಟ್ಟಾಗಲೇ ಉಳಿದವು ಬಿದ್ದೋದವು."

ತಮ್ಮನ ಕಾಲ ಬಳಿ ಕೂತಿದ್ದ ವಾಂಡೆ ಅಳು ನಿಲ್ಲಿಸಿದಳು. "ಬೀಳೋದು ಹೇಗೆ? ಬೆನ್ನಿಗೆ ಇತ್ತಲ್ಲ?" ಎಂದಳು. ಅವಳು ಎದ್ದು ಬಂದು ಅವನ ಹಿಂದೆ ನಿಂತು ಬೆನ್ನು ನೋಡಿದಳು. ಬರಿಮೈಯ ಮೇಲೆ ಶಕ್ವಾನ ರಕ್ತ ಒಣಗಿತ್ತು.

ಬೇರೆ ಗಂಡಸರು ಹೋಗಿ ಹದ್ದುಗಳು ಬಿಟ್ಟ ಮಾಂಸ ತಂದರು. ಹಸಿವು ದುಃಖಕ್ಕೆ ಕಾಯುವುದಿಲ್ಲ, ಎಲ್ಲರೂ ತಿಂದರು. ಹನಾಬಿ ಒಲೆಯ ಕಲ್ಲಿಗೆ ಒಂದು ಮಾತೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಶಕ್ವಾನನ್ನು ಅವನ ಗುಡಿಸಲಲ್ಲೇ ಮಲಗಿಸಿ, ಗುಡಿಸಲನ್ನು ಅವನ ಮೇಲೆ ಕೆಡವಿದರು. ಸಾವು ಬಂದ ಜಾಗದಲ್ಲಿ ಬೀಡು ನಿಲ್ಲುವುದಿಲ್ಲ. ಹೆಂಗಸರು ಚಾಪೆ, ಬುರುಡೆ, ಕೂಸುಗಳನ್ನು ಹೊತ್ತು ಸಾಲಾಗಿ ಹೊರಟರು. ಹನಾಬಿಯ ಕೈಯಲ್ಲಿ ಕೆಂಡದ ಕೊಳ್ಳಿಯಿತ್ತು, ಅವಳ ಪಕ್ಕದಲ್ಲಿ ವಾಂಡೆ. ಮಾರೊಬಾನ ತೊಗಲ ಹಾಸಿಗೆ ಅವಳ ಹೊರೆಯಲ್ಲಿರಲಿಲ್ಲ.

ಸಾಲು ಬಾವೊಬಾಬ್ ಮರವನ್ನು ದಾಟುವಾಗ ಮಾರೊಬಾ ನಿಂತ. ಬಿರುಕಿಗೆ ಕೈಹಾಕಿ ಬತ್ತಳಿಕೆ ತೆಗೆದು, ಬಾಣಗಳನ್ನು ಅದರೊಳಗೆ ಇಳಿಸಿ, ಎಲ್ಲರ ಕಣ್ಣೆದುರಿಗೇ ಬೆನ್ನಿಗೆ ಹಾಕಿಕೊಂಡ. ಗಂಡಸರು ನೋಡಿದರು, ಮಕ್ಕಳೂ ನೋಡಿದರು. ಯಾರಾದರೂ ಒಂದು ಮಾತು ಅನ್ನಲಿ, ಕೂಸಿಗೆ ಹೆಸರಿಡಲಿ, ಒಬ್ಬನಾದರೂ ನಗಲಿ ಎಂದು ಅವನು ಕಾದ. ಯಾರೂ ನಗಲಿಲ್ಲ. ಸಾಲಿನ ಕೊನೆಗೆ ಸೇರಿಕೊಂಡು ನಡೆದ. ಹೆಜ್ಜೆಗೊಮ್ಮೆ ತೊಗಲೊಳಗೆ ಬಾಣಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಮುಂದೆ ವಾಂಡೆಗೆ ಅದು ಕೇಳಿಸಿರಬೇಕು. ಅವಳು ತಿರುಗಿ ನೋಡಲಿಲ್ಲ, ತಾಯಿಯ ಕೈಯಿಂದ ಕೊಳ್ಳಿ ಇಸಿದುಕೊಂಡು ಬೇಗ ಬೇಗ ಹೆಜ್ಜೆ ಹಾಕಿದಳು.