ಸೀರೆಯ ಮರೆಯಲ್ಲಿ

"ರವಿಕೆ ಬಿಚ್ಬೇಡಿ ಅತ್ತೆ. ಮೇಲಿಂದಾನೇ ನೀರು ಹಾಕಿ," ಎಂದು ಕವಿತ ಮುನಿತಾಯಮ್ಮನ ಕೈ ಹಿಡಿದಳು.

ಅಂಗಳದಲ್ಲಿ ಸಪ್ಪಲಮ್ಮನ ಹೆಣವನ್ನು ಬೆಂಚಿನ ಮೇಲೆ ಮಲಗಿಸಿ, ಸುತ್ತ ನಾಲ್ಕಾರು ಹೆಂಗಸರು ಸೀರೆ ಅಡ್ಡ ಹಿಡಿದಿದ್ದರು. ಸಾವಿನ ಸುದ್ದಿ ತಿಳಿದು ಬೀದಿಯ ಮಗ್ಗಗಳೆಲ್ಲ ನಿಂತಿದ್ದವು. ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಪಿಸುಮಾತೂ ಆಚೆಗೆ ಕೇಳಿಸುವಷ್ಟು ಮೌನ.

"ಹೆತ್ತ ತಾಯಿಗೆ ಸರಿಯಾಗಿ ಒಂದು ಸ್ನಾನ ಮಾಡಿಸೋಕೂ ಬಿಡಲ್ವಲ್ಲೇ ನೀನು," ಎಂದಳು ಮುನಿತಾಯಮ್ಮ. ಸತ್ತವಳು ಅವಳ ಅಣ್ಣ ಚೌಡಯ್ಯನ ಹೆಂಡತಿ. ಮದುವೆಯಾಗಿ ಬಂದಾಗಿನಿಂದ ಅತ್ತಿಗೆ ಯಾರೆದುರೂ ಸೆರಗು ಸಡಿಲಿಸಿದವಳಲ್ಲ. ಅದು ಜಂಬವೆಂದೇ ಮುನಿತಾಯಮ್ಮ ತಿಳಿದಿದ್ದಳು.

ಮರೆಯ ಆಚೆ, ಬಿಂದಿಗೆ ಹಿಡಿದು ನಿಂತಿದ್ದ ಕವಿತಳ ಮಗಳು ಮೋನಿಷಾ ಅದನ್ನು ಎದೆಗೆ ಅವುಚಿಕೊಂಡಳು.

*

ಹೋದ ಬೇಸಿಗೆಯಲ್ಲಿ ಅಜ್ಜಿಯ ಮನೆಗೆ ಬಂದಿದ್ದ ಮೋನಿಷಾ ಬಚ್ಚಲಲ್ಲಿ ಕೂತು ಅತ್ತಿದ್ದಳು. ಗೆಳತಿಯರ ಜೊತೆ ಬಟ್ಟೆ ಬದಲಾಯಿಸಬೇಕಲ್ಲ ಎಂದು ಶಾಲೆಯ ಕಬಡ್ಡಿ ತಂಡ ಬಿಟ್ಟಿದ್ದಳು. ಬಲಗಡೆ ಎದೆ ಬೆಳೆದಿತ್ತು. ಎಡಗಡೆ ಏನೂ ಇರಲಿಲ್ಲ.

ಸಪ್ಪಲಮ್ಮ ಒಳಗೆ ಬಂದು ಚಿಲಕ ಹಾಕಿದಳು. ಮೊಮ್ಮಗಳನ್ನು ನೋಡಿದವಳು ತನ್ನ ರವಿಕೆಯ ಗುಂಡಿ ತೆಗೆದಳು. ಎಡಗಡೆ ಚಪ್ಪಟೆ. ಮೊಲೆತೊಟ್ಟೂ ಇಲ್ಲ.

"ಹುಟ್ತಾನೇ ಹಿಂಗೆ ಕಣೇ. ಬಟ್ಟೆ ಸುತ್ತಿ ಇಟ್ಕೊತಿದ್ದೆ. ನಿಮ್ಮಮ್ಮನ್ನ ಒಂದೇ ಕಡೆ ಹಾಲು ಕುಡಿಸಿ ಸಾಕ್ದೆ. ಏನು ಕಮ್ಮಿಯಾಗಿದೆ ಅವಳಿಗೆ?"

ಮರುದಿನ ಇಬ್ಬರೂ ಆಸ್ಪತ್ರೆಗೆ ಹೋದರು. ಸ್ಕ್ಯಾನ್ ಮಾಡಿಸಿ ನೋಡಿದ ಡಾಕ್ಟರಮ್ಮ, "ತಾಯಿ ಹೊಟ್ಟೇಲಿದ್ದಾಗ್ಲೇ ಆಗಿರೋದಿದು. ಕಾಯಿಲೆ ಅಲ್ಲ, ಯಾರ ತಪ್ಪೂ ಅಲ್ಲ. ಕೆಲವು ಮನೆಗಳಲ್ಲಿ ಹೀಗೆ ಮುಂದುವರಿಯುತ್ತೆ. ಪೂರ್ತಿ ಬೆಳೆದ ಮೇಲೆ ಬೇಕು ಅನ್ನಿಸಿದ್ರೆ ಆಪರೇಷನ್ ಇದೆ. ಬೇಡ ಅಂದ್ರೆ ಬೇಡ," ಎಂದರು.

"ಅಮ್ಮಂಗೆ ಹೇಳ್ಬೇಡ ಅಜ್ಜಿ," ಎಂದಳು ಮೋನಿಷಾ, ಬಸ್ಸಿನಲ್ಲಿ.

ಸಪ್ಪಲಮ್ಮ ಸೆರಗನ್ನು ಎಡಗಡೆಗೆ ಎಳೆದುಕೊಂಡಳು. "ನಾನು ಹೇಳಲ್ಲ. ನೀನು ಹೇಳು. ನನ್ನಂಗೆ ಬಚ್ಚಿಟ್ಕೊಂಡು ಬದುಕ್ಬೇಡ ಮಗಾ. ಸಾಕಾಗ್ಹೋಗುತ್ತೆ."

ಮೋನಿಷಾ ಹೇಳಿರಲಿಲ್ಲ.

*

ಮುನಿತಾಯಮ್ಮ ಕೈ ಬಿಡಿಸಿಕೊಂಡು ಗುಂಡಿ ಬಿಚ್ಚಿಯೇಬಿಟ್ಟಳು. ಕವಿತ ಮುಖ ತಿರುಗಿಸಿದಳು.

"ಕ್ಯಾನ್ಸರ್ ಆಗಿತ್ತೇನೇ? ಕುಯ್ದವ್ರಾ?" ಸೀರೆ ಹಿಡಿದಿದ್ದ ಹೆಂಗಸೊಬ್ಬಳು ಕೇಳಿದಳು.

"ಕುಯ್ದ ಗುರ್ತೇ ಇಲ್ಲ." ಮುನಿತಾಯಮ್ಮನ ಧ್ವನಿ ಏರಿತು. "ಹುಟ್ಟಿದಾಗ್ಲಿಂದ ಹಿಂಗೇನಾ? ಇಂಥಾವಳನ್ನ ಮುಚ್ಚಿಟ್ಟು ನಮ್ಮಣ್ಣಂಗೆ ಕಟ್ಟಿದ್ರಾ?"

ಜಗುಲಿಯಿಂದ ಚೌಡಯ್ಯನ ದನಿ ಬಂತು. "ಮದುವೆಗೆ ಮುಂಚೇನೇ ಅವಳು ನಂಗೆ ಹೇಳಿದ್ಲು, ಮುನಿತಾಯಿ. ಒಪ್ಕೊಂಡೇ ಕಟ್ಕೊಂಡೆ. ನೀನು ನೀರು ಹಾಕು."

ಮುನಿತಾಯಮ್ಮ ಅರಿಶಿಣ ಕೈಗೆತ್ತಿಕೊಂಡಳು. ಕತ್ತಿಗೆ, ತೋಳಿಗೆ, ಬಲ ಎದೆಗೆ ಹಚ್ಚಿದಳು. ಎಡಗಡೆಗೆ ಬರುವಾಗ ಕೈ ತಾನಾಗಿ ಹಿಂದೆ ಸರಿಯಿತು. ಅವಳು ಚೊಂಬಿನಲ್ಲಿ ನೀರು ತುಂಬಿಕೊಂಡಳು.

ಮೋನಿಷಾ ಬಿಂದಿಗೆ ಇಳಿಸಿ, ಸೀರೆಯಡಿ ನುಸುಳಿ ಒಳಗೆ ಬಂದಳು.

"ಮಕ್ಕಳು ಇಲ್ಲಿಗೆ ಬರಬಾರದು. ನಡಿ ಆಚೆ," ಎಂದಳು ಕವಿತ.

ಹುಡುಗಿ ಅಲುಗಲಿಲ್ಲ. ಅಜ್ಜಿಯ ಮುಖವನ್ನೇ ನೋಡುತ್ತಾ, "ನಂಗೂ ಹಿಂಗೇ ಇದೆ ಅಮ್ಮ," ಎಂದಳು. "ಅಜ್ಜಿಗೆ ಗೊತ್ತಿತ್ತು."

ಸೀರೆ ಹಿಡಿದವರ ಕಣ್ಣುಗಳೆಲ್ಲ ಅವಳ ದೊಗಲೆ ಅಂಗಿಯ ಮೇಲೆ ಬಿದ್ದವು. ಕವಿತ ಸರಕ್ಕನೆ ತಿರುಗಿದಳು. ಬೈಯುತ್ತಾಳೋ ಹೊಡೆಯುತ್ತಾಳೋ ತಿಳಿಯದೆ ಮೋನಿಷಾ ಭುಜ ಕುಗ್ಗಿಸಿದಳು. ಕವಿತ ಮಗಳ ಮತ್ತು ಆ ಕಣ್ಣುಗಳ ನಡುವೆ ಬಂದು ನಿಂತಳು. ಅರಿಶಿಣದ ಬಟ್ಟಲನ್ನು ಮಗಳ ಮುಂದೆ ಹಿಡಿದಳು.

ಮೋನಿಷಾ ಅಜ್ಜಿಯ ಎಡಗಡೆ ಎದೆಗೆ ಅರಿಶಿಣ ಹಚ್ಚಿ, ಅಂಗೈಯನ್ನು ಅಲ್ಲೇ ಊರಿ ಇಟ್ಟುಕೊಂಡಳು. ಆ ಕೈ ಏಳುವ ತನಕ ಮುನಿತಾಯಮ್ಮ ತುಂಬಿದ ಚೊಂಬನ್ನು ಎತ್ತಿ ಹಿಡಿದೇ ನಿಂತಿದ್ದಳು.