ಮೇಲಿನ ಇಳಿಜಾರಿನ ಹಿಮ

ಮದುವೆಗೆಂದು ಹಾಕಿದ ರಜೆ ಮುಗಿದು ಪಲ್ಟನ್ನಿಗೆ ಹೊರಟು ನಿಂತ ಮುಂಜಾನೆ, ಶಿವಪುತ್ರ ಬೀರೇಶ್ವರನ ಗುಡಿಯ ಕಟ್ಟೆಯ ಮೇಲೆ ಭಂಡಾರ ಕೈಯಲ್ಲಿ ಹಿಡಿದು ಮಾಲಾಗೆ ಮಾತು ಕೊಟ್ಟಿದ್ದ. "ಒಂದ ಸಲಾ ನಿನ್ನ ಹಿಮದ ಗುಡ್ಡಕ್ಕ ಕರ್ಕೊಂಡ ಹೋಗಿ, ಕೈ ಹಿಡದು ಜಾರಸ್ತೇನಿ. ಈ ಭಂಡಾರದಾಣಿ." ಕಾಲಿಗೆ ಎರಡು ಉದ್ದನೆಯ ಪಟ್ಟಿ ಕಟ್ಟಿಕೊಂಡು ಸ್ಕೀ ಮಾಡುವುದು ಹೇಗೆಂದು ಅವನು ಮೊಣಕಾಲು ಬಗ್ಗಿಸಿ ತೋರಿಸಿದಾಗ ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು. ಎತ್ತಿಲ್ಲದ ಕೊರಡಿನ ಮೇಲೆ ನಿಂತಂಗ ಕಾಣತೀರಿ ಅಂದಿದ್ದಳು. ಅವನ ಅಂಗೈಯ ಭಂಡಾರದ ಅರಿಷಿಣ ಅವಳ ಹೊಸ ಸೀರೆಗೆ ಹತ್ತಿ, ಎಷ್ಟು ಒಗೆದರೂ ಹೋಗಿರಲಿಲ್ಲ.

ಆ ಮಾತಿಗೆ ಈಗ ಹದಿನೇಳು ವರ್ಷ. ಮೂರು ವರ್ಷದಿಂದ ಶಿವಪುತ್ರನ ಎರಡೂ ಕಿಡ್ನಿ ಸೋತಿದ್ದವು. ಮಾಲಾನದು ಅವನಿಗೆ ಹೊಂದಲಿಲ್ಲ. ತಾಯಿ ಸತ್ಯವ್ವನದು ತೆಗೆಯುವ ವಯಸ್ಸು ಅಲ್ಲವೆಂದರು. ದಿನ ಬಿಟ್ಟು ದಿನ ಹಿಪ್ಪರಗಿಯಿಂದ ಜಮಖಂಡಿಗೆ ಗಂಡನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಮಾಲಾನೇ ಹೋಗುತ್ತಿದ್ದಳು. ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ದಾರಿ ಮಾಡಿಕೊಂಡು ಹೋಗುವುದು, ನಾಲ್ಕು ತಾಸು ಡಯಾಲಿಸಿಸ್ಸಿನ ಬಾಗಿಲ ಹೊರಗೆ ಕೂಡುವುದು, ಹಿಂಡಿದ ಅರಿವೆಯಂತಾದ ಮನುಷ್ಯನನ್ನು ತಿರುಗಿ ಕರೆತರುವುದು. ಬಂದು ರೊಟ್ಟಿ ಬಡಿಯುವುದು, ಆಮೇಲೆ ಹೊಲ. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಹೇಳಿದ್ದರಿಂದ, ಬಾಯಾರಿದಾಗ ಅವನ ಬಾಯಿಗೆ ಫ್ರಿಜ್ಜಿನ ಐಸಿನ ಒಂದು ತುಂಡು ಇಡುತ್ತಿದ್ದಳು. ಅದನ್ನು ಅವನು ಕಣ್ಣು ಮುಚ್ಚಿ ಚೀಪುತ್ತಿದ್ದ.

ಹೋದ ಮಳೆಗಾಲದಲ್ಲಿ ಒಂದು ದಿನ ಜಮಖಂಡಿಗೆ ಹೊರಡುವ ಹೊತ್ತಿಗೆ ಅವನು ಕಾಟಿನಿಂದ ಏಳಲಿಲ್ಲ.

"ಸಾಕಾಗೇತಿ ಮಾಲಾ. ಇನ್ನ ಆ ಸೂಜಿ ಬ್ಯಾಡ. ಮನ್ಯಾಗ ಎಷ್ಟ ದಿನಾ ಇರತೇನಿ, ಅಷ್ಟ ದಿನಾ ಇರತೇನಿ."

ಡಯಾಲಿಸಿಸ್ ಬಿಟ್ಟರೆ ಆ ದಿನಗಳು ಎಷ್ಟೆಂಬುದು ಇಬ್ಬರಿಗೂ ಗೊತ್ತಿತ್ತು. ಮಾಲಾ ಅಳಲಿಲ್ಲ, ಕಾಲು ಹಿಡಿಯಲಿಲ್ಲ. ಬಾಯಿಗೆ ಬಂದದ್ದು ಅವಳಿಗೇ ತಿಳಿಯದ ಮಾತು.

"ಭಂಡಾರ ಹಿಡದು ನನಗೊಂದ ಮಾತ ಕೊಟ್ಟೀರಿ. ಅದನ್ನ ಮುಗಸ್ರಿ. ಆಮ್ಯಾಲ ನಾ ತಡಿಯೂದಿಲ್ಲ."

ಅವನು ಎದ್ದು ಅಂಗಿ ಹಾಕಿಕೊಂಡ. ಅಂದಿನಿಂದ ಒಂದು ಪಾಳಿಯನ್ನೂ ತಪ್ಪಿಸಲಿಲ್ಲ.

ಈ ಒಪ್ಪಂದ ಮನೆಯಲ್ಲಿ ಇನ್ನಾರಿಗೂ ಗೊತ್ತಿರಲಿಲ್ಲ. ಹೀಗಾಗಿ ಬೇನೆ ಬಿದ್ದವನನ್ನು ಕಾಶ್ಮೀರಕ್ಕೆ ಎಳೆದೊಯ್ಯುವ ಹೆಂಡತಿಯನ್ನು ಊರು ತನಗೆ ತೋಚಿದಂತೆ ಆಡಿಕೊಂಡಿತು. ಭಂಡಾರದ ಆಣೆ ಹೊತ್ತವರು ಅದನ್ನು ತೀರಿಸಬೇಕು, ಇಲ್ಲವೆ ಯಾರಿಗೆ ಕೊಟ್ಟಿದ್ದಾರೋ ಅವರು ದೇವರ ಮುಂದೆ ನಿಂತು ಬಿಟ್ಟೆ ಅನ್ನಬೇಕು. ಮಗನನ್ನು ತಿನ್ನುತ್ತಿರುವುದು ಆ ಆಣೆಯೇ ಎಂಬುದು ಸತ್ಯವ್ವನ ನಂಬಿಕೆ. ಅಂಗಳದಲ್ಲಿ ಉಣ್ಣೆ ನೂಲುತ್ತ ಕೂತ ಮುದುಕಿ ಸೊಸೆ ಎದುರು ಬಂದಾಗಲೆಲ್ಲ ಅದೇ ರಾಗ ತೆಗೆಯುತ್ತಿದ್ದಳು.

"ಗುಡಿಗೆ ಹೋಗಿ ಬಿಟ್ಟೇನಿ ಅನ್ನಾಕ ನಿನ್ನ ನಾಲಿಗಿ ಏನ ಸವದಹೋಗತೈತೇನಬೇ? ಹಿಮಾ ನೋಡೂ ಹುಚ್ಚ ಅಷ್ಟಿದ್ದರ ಫ್ರಿಜ್ಜಿನ ಬಾಗಲಾ ತಗದ ನಿಂದ್ರು."

ಬಿಟ್ಟೆ ಎನ್ನುವ ಒಂದು ಶಬ್ದದಾಚೆ ಅವನನ್ನು ತಡೆಯಲು ಏನೂ ಉಳಿಯುವುದಿಲ್ಲ ಎಂದು ಮಾಲಾ ಅತ್ತೆಗೆ ಹೇಗೆ ಹೇಳುವುದು?

ಚಳಿಗಾಲದಲ್ಲೇ ಹೋಗಬೇಕಿತ್ತು. ಜನವರಿಯಲ್ಲಿ ಅವನಿಗೆ ಜ್ವರ ಬಂತು, ಅದು ಖರೆ. ಫೆಬ್ರುವರಿಯಲ್ಲಿ ಅವಳ ತಮ್ಮನ ಮನೆಯ ವಾಸ್ತುಶಾಂತಿ ಬಂತು. ಅದಕ್ಕೆ ಒಂದು ದಿನ ಸಾಕಿತ್ತು. ಮಾರ್ಚಿನಲ್ಲಿ ಮಗಳು ರೇಷ್ಮಾಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಎಂದಳು. ನಾ ಅಜ್ಜಿ ಕೂಡ ಇರತೇನಿ, ನೀವು ಹೋಗಿಬರ್ರಿ ಎಂದು ರೇಷ್ಮಾ ಅಂದದ್ದು ಕೇಳಿಸದವಳಂತೆ ಪಾತ್ರೆ ತಿಕ್ಕಿದಳು. ಪರೀಕ್ಷೆ ಮುಗಿದು ಏಪ್ರಿಲ್ ಬಂದಾಗ, ಬನಹಟ್ಟಿಯಿಂದ ಜನರನ್ನು ಯಾತ್ರೆಗೆ ಕರೆದೊಯ್ಯುವ ಚಿದಾನಂದ, ಇದೇ ಕಡೆಯ ತಂಡ ಎಂದು ಫೋನು ಮಾಡಿದ. ಕೆಳಗೆಲ್ಲ ಕೆಸರಾಗಿದೆ, ರೋಪ್‌ವೇ ತಂತಿಯ ತೊಟ್ಟಿಲಲ್ಲಿ ಮೇಲಕ್ಕೆ ಹೋದರೆ ಇನ್ನೂ ಹಿಮವಿದೆ ಎಂದ. ಶಿವಪುತ್ರ ಇದನ್ನು ಕೇಳಿ ನಕ್ಕ. ಅವನು ಪಲ್ಟನ್ನಿನಲ್ಲಿದ್ದಾಗ ಒಂಬತ್ತು ಚಳಿಗಾಲ ಅಲ್ಲಿ ಕಳೆದವನು. ನಮ್ಮೂರಲ್ಲಿ ಬಸವ ಜಯಂತಿಗೆ ಎತ್ತಿನ ಮೆರವಣಿಗೆ ಹೊರಟಾಗಲೂ ಮೇಲಿನ ಇಳಿಜಾರಿನಲ್ಲಿ ಹಿಮ ಇರುತ್ತದೆ, ಗಾಬರಿಯಾಗಬೇಡ ಎಂದು ಅವಳಿಗೇ ಧೈರ್ಯ ಹೇಳಿದ.

ಅವನಿಗೆ ಹುರುಪು ಬಂದುಬಿಟ್ಟಿತ್ತು. ಅಟ್ಟದ ಮೇಲಿನ ಬೂಟು ಇಳಿಸಿ ಎಣ್ಣೆ ಸವರಿದ. ಕಾಟಿನ ಹಿಡಿಕೆ ಹಿಡಿದು ಮೊಣಕಾಲು ಬಗ್ಗಿಸಿ ಏಳುವ ರೂಢಿ ಮಾಡತೊಡಗಿದ. ಕುರಿಮರಿ ಇಳಿಯುವಂಥ ಸಣ್ಣ ಇಳಿಜಾರು ಸಾಕು, ನಿನ್ನ ಕೈ ಹಿಡಿಯುವಷ್ಟು ಶಕ್ತಿ ನನ್ನಲ್ಲಿದೆ ಅಂದ. ರೇಷ್ಮಾಳಿಗೆ ಜೋಕು ಹೇಳಿ ನಗಿಸಿದ. ನೋಡವಾ, ನನ್ನ ಮಗಾ ಮತ್ತ ಮನಶಾ ಆದಾ ಎಂದು ಸತ್ಯವ್ವ ಕೂಡ ಮೆತ್ತಗಾಗಿ, ಅಲ್ಲಿಯ ಚಳಿಗೆಂದು ಎರಡು ಕರಿ ಕಂಬಳಿ ಬಿಸಿಲಿಗೆ ಹಾಕಿದಳು. ಊರಿಗೆ ಹೊರಟ ಮನುಷ್ಯನ ಆ ಹುರುಪು ಎಲ್ಲಿಗೆ ಹೋಗಲಿಕ್ಕೆ ಎಂಬುದು ಮಾಲಾಗೊಬ್ಬಳಿಗೇ ಗೊತ್ತಿತ್ತು.

ಡಾಕ್ಟರು ಬೇಡ ಅಂದೇ ಅನ್ನುತ್ತಾರೆಂದು ನಂಬಿ ಒಬ್ಬಳೇ ಹೋಗಿ ಕೇಳಿದಳು. ಅವರು ಕಾಗದಗಳನ್ನೆಲ್ಲ ನೋಡಿ, ಅಲ್ಲಿ ಡಯಾಲಿಸಿಸ್ಸಿಗೆ ಜಾಗ ಸಿಕ್ಕರೆ ಹೋಗಬಹುದು, ಬಹಳ ಹೊತ್ತು ಎತ್ತರದಲ್ಲಿ ಇರಿಸಬೇಡಿ, ಮನಸ್ಸಿಗೂ ಒಳ್ಳೆಯದು ಎಂದರು. ಹಾಗಾದರೆ ಶ್ರೀನಗರದಲ್ಲಿ ಜಾಗ ಸಿಗಲಾರದು ಎಂದುಕೊಂಡಳು.

ಜಾಗ ಸಿಕ್ಕಿತು. ಇಳಿಹೊತ್ತಿನಲ್ಲಿ ಚಿದಾನಂದನ ಫೋನು ಬಂದಾಗ ಮಾಲಾ ಅದನ್ನು ಹಿಡಿದು ಹಿತ್ತಲಿನ ಬೇವಿನ ಕೆಳಗೆ ಹೋದಳು.

"ಅಕ್ಕಾರ, ಎಲ್ಲಾ ಕೂಡಿ ಬಂದೈತ್ರಿ. ಅಲ್ಲಿ ಆಸ್ಪತ್ರ್ಯಾಗೂ ಹೂಂ ಅಂದ್ರು. ಇನ್ನ ನಿಮ್ಮ ಮಾತೊಂದ ಉಳದೈತಿ. ಹೂಂ ಅನ್ರಿ, ಟಿಕೀಟ ತಗಸ್ತೇನಿ."

ಆಚೆ ಕಬ್ಬಿನ ಹೊಲದಲ್ಲಿ ಒಣಗಿದ ಎಲೆಯ ರವದಿಗೆ ಬೆಂಕಿ ಇಟ್ಟಿದ್ದರು. ಸುಟ್ಟ ಚೂರುಗಳು ಗಾಳಿಯಲ್ಲಿ ತೇಲಿಬಂದು ಒಗೆದ ಅರಿವೆಗಳ ಮೇಲೆ, ಅವಳ ತೋಳಿನ ಮೇಲೆ ಮೆಲ್ಲಗೆ ಕೂಡುತ್ತಿದ್ದವು. ಅಕ್ಕಾರ, ಕೇಳಸ್ತೇತ್ರಿ ಎಂದು ಚಿದಾನಂದ ಎರಡು ಸಲ ಕರೆದ.

"ಬ್ಯಾಡ ಬಿಡು ತಮ್ಮಾ. ನಾವು ಬರೂದಿಲ್ಲ. ಅವರಿಗೆ ಫೋನ ಮಾಡಾಕ ಹೋಗಬ್ಯಾಡ."

ಒಳಗೆ ಬಂದಾಗ ಶಿವಪುತ್ರ ಕಾಟಿನ ಅಂಚಿಗೆ ಕೂತಿದ್ದ. ಅವನ ತಲೆಯ ಹಿಂದಿನ ಕಿಡಕಿ ಹಿತ್ತಲಿಗೆ ತೆರೆದಿದ್ದು ಅವಳಿಗೆ ಆಗ ಕಂಡಿತು.

"ಏನಂದಾ ಚಿದಾನಂದ?"

"ಹಿಮಾ ಕರಗೇತಂತ್ರಿ."

"ಕೆಳಗಿಂದ?"

"ಮ್ಯಾಲಿಂದೂ."

ಅವನು ಅವಳ ಮುಖ ನೋಡಿದ. ಅವಳು ನೆಲ ನೋಡಿದಳು. ಅಂಗಳದಲ್ಲಿ ಸತ್ಯವ್ವ ಕಂಬಳಿ ಝಾಡಿಸುವ ಸಪ್ಪಳ ಬರುತ್ತಿತ್ತು. ಬೈಯಲಿ, ಸುಳ್ಳಿ ಅನ್ನಲಿ, ಬೇಕಾದರೆ ಹೊಡೆಯಲಿ ಎಂದು ಮಾಲಾ ಕಾದು ನಿಂತಳು. ಗುಡಿಗೆ ನಡಿ, ಬಿಟ್ಟೆ ಅನ್ನು ಎಂಬ ಒಂದೇ ಒಂದು ಮಾತು ಮಾತ್ರ ಅವನು ಅನ್ನಬಾರದಿತ್ತು.

"ಈ ವರ್ಷ ಲಗೂನ ಕರಗಿತು ಅಂದಂಗಾತು," ಎಂದ ಶಿವಪುತ್ರ.

ಅವಳು ಹೌದೆಂದು ತಲೆ ಅಲ್ಲಾಡಿಸಿದಳು.

ಎಣ್ಣೆ ಸವರಿದ ಬೂಟುಗಳನ್ನು ಅವನು ಕಾಲಿನಿಂದ ಒಂದೊಂದಾಗಿ ಕಾಟಿನ ಕೆಳಗೆ ದೂಡಿದ. ಎರಡನೆಯದು ಗೋಡೆಗೆ ತಾಗಿ ನಿಂತಿತು. ಕಾಲು ಮೇಲೆ ಎತ್ತಿಕೊಂಡು ಮಲಗಿದ.

"ನಾಳೆ ಜಮಖಂಡ್ಯಾಗ ಮುಂಜಾನಿ ಪಾಳೇನ?"

"ಹೂಂನ್ರಿ."

"ಲಗೂ ಎಬ್ಬಸು. ಬಾಯಿ ಒಣಗೇತಿ, ಒಂದ ತುಂಡ ಕೊಡು."

ಮಾಲಾ ಫ್ರಿಜ್ಜಿನಿಂದ ಐಸಿನ ತುಂಡು ತಂದು ಅವನ ಬಾಯಿಗಿಟ್ಟಳು. ಕಾಟಿನ ಪಕ್ಕ ನೆಲದ ಮೇಲೆ ಕೂತು, ಸೂಜಿ ಚುಚ್ಚಿ ಚುಚ್ಚಿ ಹಗ್ಗದಂತೆ ಉಬ್ಬಿದ ಅವನ ಎಡಗೈಯ ನರದ ಮೇಲೆ ಅಂಗೈ ಇಟ್ಟಳು. ಒಳಗೆ ರಕ್ತ ಗುಂಯ್ ಎಂದು ಓಡುತ್ತಿತ್ತು. ರಬಕವಿಯ ತವರುಮನೆಯಲ್ಲಿ ಗೋಡೆಯಾಚೆ ಪವರ್‌ಲೂಮ್‌ಗಳಿದ್ದವು. ಗೋಡೆಗೆ ಕೈ ಇಟ್ಟರೆ ಹೀಗೇ ನಡುಗುತ್ತಿತ್ತು. ಮಗ್ಗ ನಡೆದಿದೆ ಎಂದು ತಿಳಿದು ಅವಳು ಮತ್ತೆ ನಿದ್ದೆಹೋಗುತ್ತಿದ್ದಳು. ಶಿವಪುತ್ರ ಕಣ್ಣು ಮುಚ್ಚಿಕೊಂಡು ಐಸು ಚೀಪುತ್ತಿದ್ದ. ತುಟಿಯಂಚಿನಿಂದ ಇಳಿದ ಹನಿಯನ್ನು ಅವಳು ಸೆರಗಿನಿಂದ ಒರೆಸಿದಳು, ಇನ್ನೊಂದು ಕೈಯನ್ನು ನರದ ಮೇಲಿಂದ ತೆಗೆಯದೆ.

ಭಂಡಾರ ಹಿಡಿದು ಕೊಟ್ಟ ಮಾತು ಆ ವರ್ಷವೂ ನಡೆಯಲಿಲ್ಲ.