ಮಲಕಾಜಪ್ಪನ ಸಹಿ

ಸೊಲ್ಲಾಪುರದ ಅಣ್ಣಾರಾಯ ವಕೀಲರು ಕೊಲೆ, ಕಳವಿನ ಖಟ್ಲೆಗಳಿಗೆ ಕೈ ಹಾಕುತ್ತಿರಲಿಲ್ಲ. ಗಿರಣಿ ಮಾಲಕರಿಗೂ ಸರಕಾರಕ್ಕೂ ನಡುವೆ ನಿಂತು ಪರವಾನಗಿ ಕೊಡಿಸುವುದು, ಇನ್‌ಸ್ಪೆಕ್ಟರು ತೆಗೆದ ತಕರಾರಿಗೆ ಉತ್ತರ ಬರೆಯುವುದು ಅವರ ಕೆಲಸ. ಬರೆಯುವವರು ಅವರೇ ಎಂದು ಪೇಟೆ ತಿಳಿದಿತ್ತು. ಬರೆಯುತ್ತಿದ್ದವನು ನಾನು, ಕಾರಕೂನ ಚನ್ನವೀರಪ್ಪ. ನನಗಿಂತ ಮೊದಲು ಪೀರಪ್ಪ ಎಂಬಾತ ಬರೆಯುತ್ತಿದ್ದ. ಅವನು ಕ್ಷಯದಿಂದ ಸತ್ತ ಮೇಲೆ ಅವನ ಡೆಸ್ಕೂ ಮಸಿಯ ದೌತಿಯೂ ನನಗೆ ಬಂದವು.

1931ರ ಜೂನಿನಲ್ಲಿ ಶಂಕರೆಪ್ಪ ಬಂದ. ಅಕ್ಕಲಕೋಟೆ ರಸ್ತೆಯ ಕುಂಭಾರಿಯಲ್ಲಿ ಅವನದೊಂದು ಹತ್ತಿ ಗಿರಣಿ. ಪರವಾನಗಿಯ ಮುದ್ದತು ಮುಗಿಯಲು ಬಂದಿತ್ತು. ಅದು ಅವನ ತಂದೆ ಮಲಕಾಜಪ್ಪನ ಹೆಸರಿನಲ್ಲಿತ್ತು. ಮಲಕಾಜಪ್ಪ ಶಿವರಾತ್ರಿಯ ಮರುದಿನವೇ ತೀರಿಕೊಂಡಿದ್ದ. ಮಣ್ಣಿಗೆ ನಾನೂ ಹೋಗಿದ್ದೆ.

ಪೇಟೆಯ ದೊಡ್ಡ ಮನೆಗಳಲ್ಲಿ ಒಂದು ಪದ್ಧತಿಯಿತ್ತು. ಹಿರಿಯ ಸತ್ತರೂ ವರ್ಷ ತುಂಬುವವರೆಗೆ ಗಾದಿಯ ಮೇಲೆ ಕೂತ ಮಗ ಹಿರಿಯನ ಹೆಸರನ್ನೇ ಸಹಿ ಮಾಡಬೇಕು. ಅದಕ್ಕೂ ಮೊದಲು ತನ್ನ ಹೆಸರು ಬರೆದವನನ್ನು ಅಪ್ಪನ ಸಾವಿಗೇ ಕಾದು ಕೂತಿದ್ದ ಎಂದು ಆಡಿಕೊಳ್ಳುತ್ತಿದ್ದರು. ಶಂಕರೆಪ್ಪ ಅರ್ಜಿಯ ಕೆಳಗೆ ‘ಮಲಕಾಜಪ್ಪ’ ಎಂದು ಬರೆದು ಆ ಅಕ್ಷರಗಳಿಗೆ ಕೈ ಮುಗಿದ.

ನಾನು ಒಳಗೆ ಹೋಗಿ ವಕೀಲರಿಗೆ ಹೇಳಿದೆ. ಅವರು ತಲೆ ಎತ್ತಲಿಲ್ಲ.

“ಹೆಸರು ಬದಲಿ ಮಾಡ್ಕೋತ ಕೂತರ ಹತ್ತಿ ಸುಗ್ಗಿ ಹೋಗ್ತದ. ಪೇಟ್ಯಾಗ ಇದು ನಡೀತದ, ಕಳಸು. ಕೆಳಗ ನಿನ್ನ ಹೆಸರು ಮಾತ್ರ ಹಾಕಬ್ಯಾಡ.”

ಅರ್ಜಿ ಬರೆದವನು ಕೊನೆಗೆ ತನ್ನ ಹೆಸರು ಹಾಕುವುದು ರೂಢಿ. ಆ ಒಂದು ಸಾಲನ್ನು ಯಾಕೆ ಬಿಡಿಸುತ್ತಿದ್ದಾರೆಂದು ನನಗೆ ಚೆನ್ನಾಗಿ ಗೊತ್ತಾಯಿತು. ಬಿಟ್ಟೆ. ಹೊರಗೆ ಕೂತಿದ್ದ ಶಂಕರೆಪ್ಪನ ಕಿವಿಗೆ ಒಂದು ಮಾತು ಹಾಕಬಹುದಿತ್ತು, ಹಾಕಲಿಲ್ಲ.

ಪರವಾನಗಿ ಬಂತು. ದೀಪಾವಳಿಯಾದ ಮೇಲೆ ಗಿರಣಿಗೆ ಹೊಸ ಇನ್‌ಸ್ಪೆಕ್ಟರ ಸಾಹೇಬನೂ ಬಂದ. ಶಂಕರೆಪ್ಪ ಹತ್ತಿ ನೋಡಲು ಸಲಗರ ಬುದ್ರುಕಕ್ಕೆ ಹೋಗಿದ್ದ. ಗಿರಣಿಯ ಪಕ್ಕದ ಮನೆಯಲ್ಲಿ ತಾಯಿ ಗಂಗುಬಾಯಿ ಒಬ್ಬಳೇ. ಮಾಲಕರನ್ನು ಕರೆಯಿರಿ ಎಂದ ಸಾಹೇಬನ ಬೂಟು ಬಿಡಿಸಿ ಆಕೆ ನೇರವಾಗಿ ದೇವರ ಕೋಣೆಗೇ ಕರೆದೊಯ್ದಳಂತೆ. ಹೂವೇರಿಸಿದ ಫೋಟೋ ತೋರಿಸಿ, “ಇವರಽ ನೋಡ್ರಿ ಮಾಲಕರು. ಇವತ್ತಿಗೂ ಎಲ್ಲಾ ಇವರ ಸಹೀ ಮ್ಯಾಲೇ ನಡೀತದ,” ಎಂದಳಂತೆ. ಅವರು ಸತ್ತ ದಿನ ಯಾವುದೆಂದು ಸಾಹೇಬ ಕೇಳಿ ಬರೆದುಕೊಂಡ. ಗಂಡನಿಗೆ ಸರಕಾರ ಇಷ್ಟು ಮರ್ಯಾದೆ ಕೊಟ್ಟಿತೆಂದು ಆಕೆ ಹಿಗ್ಗಿ ಅವನಿಗೆ ಚಹಾ ಕೊಟ್ಟು ಕಳಿಸಿದಳು.

ಗಿರಣಿಗೆ ಬೀಗ ಬಿತ್ತು. ಖೋಟಾ ಸಹಿ ಮಾಡಿದನೆಂದು ಶಂಕರೆಪ್ಪನ ಮೇಲೆ ಖಟ್ಲೆಯಾಯಿತು. ವಕೀಲರ ಕಚೇರಿಯಲ್ಲಿ, ಚನ್ನವೀರಪ್ಪನ ಎದುರಿಗೇ ಸಹಿ ಮಾಡಿದೆ ಎಂದು ಅವನು ಕೋರ್ಟಿನಲ್ಲಿ ಇದ್ದದ್ದನ್ನೇ ಹೇಳಿದ. ಹಿಂದಿನ ದಿನ ವಕೀಲರು ನನ್ನನ್ನು ಕರೆದಿದ್ದರು.

“ನನ್ನ ವಕೀಲಿ ಸನದು ಹೋದರ ನಿನ್ನ ಮನ್ಯಾಗೂ ಒಲಿ ಹತ್ತೂದಿಲ್ಲ, ತಿಳೀತೇನು?”

ತಿಳಿದಿತ್ತು. ಅರ್ಜಿ ನಮ್ಮಲ್ಲಿ ಬರೆದದ್ದಲ್ಲ, ಕೆಳಗೆ ಬರೆದವನ ಹೆಸರೇ ಇಲ್ಲ, ಮರಾಠಿಯ ಮೋಡಿ ಲಿಪಿಯಲ್ಲಿ ಎಲ್ಲರ ಅಕ್ಷರವೂ ಒಂದೇ ಥರ ಕಾಣುತ್ತದೆ ಎಂದು ದೇವರ ಮೇಲೆ ಆಣೆಯಿಟ್ಟು ಹೇಳಿದೆ. ಶಂಕರೆಪ್ಪ ನನ್ನ ಮುಖ ನೋಡಿದ. ಉಗುಳಿದ್ದರೆ ನನಗೆ ಇಷ್ಟು ಹೇಸಿಕೆಯಾಗುತ್ತಿರಲಿಲ್ಲ. ಅವನಿಗೆ ಆರು ತಿಂಗಳ ಸಜೆಯಾಯಿತು.

ಹದಿನೈದು ದಿನಕ್ಕೆ ಗಂಗುಬಾಯಿ ಕಚೇರಿಗೆ ಬಂದಳು. ವಕೀಲರು ಕೋರ್ಟಿಗೆ ಹೋಗಿದ್ದರು. ಸಜೆ ಕಡಿಮೆ ಮಾಡಬೇಕೆಂದು ಮುಂಬಯಿ ಸರಕಾರಕ್ಕೆ ಅರ್ಜಿ ಬೇಕು ಎಂದಳು.

“ನನ್ನ ಕಡೆ ಯಾಕ ಬಂದ್ರಿ, ಅವ್ವಾರ?”

“ಅದನ್ನ ಬರದವರು ನೀವಽ, ಇದನ್ನೂ ನೀವಽ ಬರೀರಿ. ಮಗ ಎಲ್ಲಾ ಹೇಳ್ಯಾನ. ಫೋಟೋ ತೋರಿಸಿದಾಕಿ ನಾನಽ, ನಿಮ್ಮ ಮ್ಯಾಲೆ ಯಾವ ಬಾಯಿಲೆ ಸಿಟ್ಟಾಗ್ಲಿ? ಆದರ ಈ ಸಲ ಕೆಳಗ ನಿಮ್ಮ ಹೆಸರು ಹಾಕ್ರಿ.”

ಬರೆದೆ. ಆಕೆ ಹೆಬ್ಬೆಟ್ಟು ಒತ್ತಿದಳು. ಕೊನೆಯ ಸಾಲು ಉಳಿಯಿತು. ಅಲ್ಲಿ ನನ್ನ ಹೆಸರು ಕಂಡರೆ ವಕೀಲರು ಅಂದೇ ನನ್ನನ್ನು ಹೊರಗೆ ಹಾಕುತ್ತಿದ್ದರು. ಆ ಸಾಲನ್ನೂ ಬರೆದು ಮುಗಿಸಿದೆ. ಆಕೆಗೆ ಓದಲು ಬರುತ್ತಿರಲಿಲ್ಲ.

“ಓದಿ ಹೇಳ್ರಿ,” ಎಂದಳು.

“ಬರೆದವನು ಚನ್ನವೀರಪ್ಪ,” ಎಂದು ಓದಿದೆ.

ಕಾಗದದ ಮೇಲೆ ಪೀರಪ್ಪ ಎಂದು ಬರೆದಿದ್ದೆ.